ಸಾವಿರಪಾಲಿನ ಕಾವು

ನಮ್ಮೂರಿನ ಯಾವ ಯಂತ್ರಕ್ಕೂ ಸ್ವಿಚ್ಚು ಅನ್ನುವುದು ಇಲ್ಲ. ಫ್ಯಾನಿಗಿಲ್ಲ, ಬೀದಿದೀಪಕ್ಕಿಲ್ಲ, ನೀರೆತ್ತುವ ಪಂಪಿಗಿಲ್ಲ, ಶಾಲೆಯ ಗಂಟೆಗೂ ಇಲ್ಲ. ಎಲ್ಲವೂ ಗೂಡುಮನೆಯಿಂದಲೇ ನಡೆಯಬೇಕು. ಸಂತೆಮಾಳದ ಪಕ್ಕದಲ್ಲಿ ಕೆಂಪು ಹೆಂಚಿನ ಉದ್ದನೆಯ ಮನೆ ಅದು. ಒಳಗೆ ನೆಲದಿಂದ ಸೂರಿನವರೆಗೆ ಗೋಡೆ ತುಂಬ ಸಣ್ಣ ಸಣ್ಣ ಮರದ ಗೂಡುಗಳು. ಒಂದೊಂದಕ್ಕೂ ಮುಚ್ಚಳ, ಮುಚ್ಚಳದ ಮೇಲೆ ಹೆಸರು. ಗೂಡು ತೆರೆದರೆ ಒಳಗೊಂದು ಚೀಟಿ ಇರುತ್ತದೆ. ಆ ಯಂತ್ರ ಆ ಗಳಿಗೆಯಲ್ಲಿ ಹೇಗಿದೆಯೋ ಅದು ಚೀಟಿಯಲ್ಲಿರುತ್ತದೆ. ಬೇರೊಂದು ಚೀಟಿಯಲ್ಲಿ ಬೇಕಾದ್ದನ್ನು ಬರೆದು ಒಳಗಿಟ್ಟು ಮುಚ್ಚಿದರೆ ಯಂತ್ರ ಹಾಗೆಯೇ ಆಗುತ್ತದೆ. ಬಡೇಸಾಬನ ಕ್ಷೌರದಂಗಡಿಯ ಫ್ಯಾನಿನ ಗೂಡಿನಲ್ಲಿ ೩ ಎಂದು ಬರೆದಿಟ್ಟರೆ ಎರಡು ಬೀದಿ ಆಚೆ ಅವನ ಗಿರಾಕಿಯ ಕೂದಲು ಹಾರಾಡತೊಡಗುತ್ತದೆ. ಇಟ್ಟ ಚೀಟಿ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದವರೂ ಇದ್ದಾರೆ. ಗೂಡಿನ ಹಿಂದೆ ಬರೀ ಗೋಡೆ, ಗೋಡೆಯ ಹಿಂದೆ ತಿಪ್ಪೇಶಿಯ ಚಹಾ ಹೋಟೆಲು.

ಆ ಚೀಟಿ ಬರೆಯುವ ಕೆಲಸ ಇಪ್ಪತ್ತಾರು ವರ್ಷ ನನ್ನದಾಗಿತ್ತು. ನನ್ನ ಹೆಸರು ಓಬಯ್ಯ. ಊರಿಗೆಲ್ಲ ಚೀಟಿ ಓಬಯ್ಯ. ಬರೆಯುವುದರಲ್ಲಿ ಏನು ಮಹಾ ಎಂದು ನಿಮಗನ್ನಿಸಬಹುದು. ಆದರೆ ಗೂಡುಗಳಿಗೆ ಒಂದೊಂದಕ್ಕೆ ಒಂದೊಂದು ಬುದ್ಧಿ. ಅಂಚೆ ಕಚೇರಿಯ ಗಡಿಯಾರ ನಡೆಯಬೇಕಾದರೆ ೦ ಬರೆಯಬೇಕು, ನಿಲ್ಲಬೇಕಾದರೆ ೧. ಉಳಿದ ಎಲ್ಲದಕ್ಕೂ ಅದು ತಿರುಗಾಮುರುಗ. ಶಾಲೆಯ ಗಂಟೆಯ ಚೀಟಿಯ ಕೊನೆಗೆ ಚುಕ್ಕಿ ಇಡದಿದ್ದರೆ ಗಂಟೆ ಅರ್ಧಕ್ಕೇ ನಿಂತು ಮಕ್ಕಳು ಅರ್ಧ ಮಾತ್ರ ಎದ್ದು ನಿಲ್ಲುತ್ತಾರೆ. ಇನ್ನು ಕೆಲವು ಗೂಡುಗಳು ಓದಲಿಕ್ಕೆ ಮಾತ್ರ, ಅವುಗಳಲ್ಲಿ ಏನು ಬರೆದಿಟ್ಟರೂ ಚೀಟಿ ಹಾಗೇ ವಾಪಸು ಹೊರಗೆ ಬಂದು ಬೀಳುತ್ತದೆ. ಇದೆಲ್ಲ ನನ್ನ ತಲೆಯಲ್ಲಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ?

ನಾನೇನೂ ಸಾಚಾ ಮನುಷ್ಯನಲ್ಲ. ತಿಪ್ಪೇಶಿ ನೀರು ಚಹಾ ಕೊಟ್ಟ ಅಂತ ಬೇಸಿಗೆಯಲ್ಲಿ ಅವನ ಹೋಟೆಲಿನ ಫ್ಯಾನನ್ನು ಒಂದು ವಾರ ಒಂದರಲ್ಲೇ ಇಟ್ಟಿದ್ದೆ. ನನ್ನ ಹೆಂಡತಿ ಪಾಲಮ್ಮನ ಜೊತೆ ನಲ್ಲಿಯ ಹತ್ತಿರ ಜಗಳ ಮಾಡಿದವರ ಬೀದಿದೀಪ ಸ್ವಲ್ಪ ತಡವಾಗಿ ಹತ್ತುತ್ತಿತ್ತು. ಇಂಥ ದೂರುಗಳು ಒಂದೊಂದಾಗಿ ಹೊಳೆಯಾಚೆಯ ದೊಡ್ಡ ಕಚೇರಿ ತಲುಪಿರಬೇಕು. ಆ ವರ್ಷ ಮಾಗಿಯ ಚಳಿ ಶುರುವಾದಾಗ ಧರಣೇಂದ್ರ ಎನ್ನುವ ಹೊಸ ಅಧಿಕಾರಿ ದೋಣಿಯಿಂದಿಳಿದರು. ಮೂವತ್ತು ದಾಟಿರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆಲ್ಲನೆ ಮಾತು. ಬಂದ ದಿನವೇ ಗೂಡುಮನೆಯ ಮೂಲೆಯಲ್ಲಿರುವ, ದೊಡ್ಡ ಕಚೇರಿಯವರ ಕೈ ಮಾತ್ರ ಕೇಳುವ 'ಯಾರ ಕೈ' ಎಂಬ ಗೂಡನ್ನು ತೆರೆದು ತಮ್ಮ ಹೆಸರು ಬರೆದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಓಬಯ್ಯನವರೇ, ಬೇಸರ ಮಾಡ್ಕೋಬೇಡಿ. ಇನ್ಮೇಲೆ ನೀವು ಗೂಡು ತೆಗೆದು ಓದಬಹುದು. ಬರೆಯೋದು ನಾನು. ಅಕಾರಾದಿಯಾಗಿ, ಎಲ್ಲರಿಗೂ ಒಂದೇ ಥರ ಆಗ್ಬೇಕು," ಎಂದರು.

ಬೈದಿದ್ದರೆ ವಾಪಸು ಬೈಯಬಹುದಿತ್ತು. ಅಷ್ಟು ಮರ್ಯಾದೆಯಿಂದ ಹೇಳಿದ್ದೇ ನನಗೆ ಉರಿಯಿತು. "ಆಗಲಿ ಸ್ವಾಮಿ," ಎಂದು ಪೆನ್ನನ್ನು ಮೇಜಿನ ಮೇಲಿಟ್ಟು ಹೊರಟೆ. ಬಾಗಿಲ ಹತ್ತಿರ ಅವರು, "ನಾನು ತಿಳ್ಕೊಳ್ಳಬೇಕಾದ್ದು ಏನಾದ್ರೂ ಇದ್ಯಾ?" ಎಂದು ಕೇಳಿದರು. ನಾನು, "ಏನೈತೆ ಸ್ವಾಮಿ, ಬರೆಯೋದು, ಇಡೋದು, ಮುಚ್ಚೋದು," ಎಂದೆ. ಮೊದಲ ದಿನ ಶಾಲೆಯ ಗಂಟೆ ಅರ್ಧಕ್ಕೇ ನಿಂತಾಗ ಮನೆಯ ಜಗಲಿಯ ಮೇಲೆ ಕೂತು ನಾನೊಬ್ಬನೇ ನಕ್ಕೆ. ಅಂಚೆ ಕಚೇರಿಯ ಗಡಿಯಾರ ಎರಡು ದಿನ ಹತ್ತೂಕಾಲಿಗೇ ನಿಂತಿತ್ತು. ಆ ಮನುಷ್ಯ ತಾನೇ ಬರೆದು, ಅಳಿಸಿ, ಮತ್ತೆ ಬರೆದು ಅದನ್ನು ಕಂಡುಹಿಡಿದರು. ಆಗ ನನಗೆ ಸ್ವಲ್ಪ ನಿರಾಸೆಯಾಯಿತು ಅಂತಲೇ ಹೇಳಬೇಕು.

ಇದೇ ಸಮಯಕ್ಕೆ ಹೊನ್ನೂರಮ್ಮನ ಕಾವುಪೆಟ್ಟಿಗೆಯಲ್ಲಿ ಇನ್ನೂರ ನಲವತ್ತು ಮೊಟ್ಟೆಗಳಿದ್ದವು. ಹೊನ್ನೂರಮ್ಮ ನಮ್ಮ ಓಣಿಯ ಕೊನೆಯ ಮನೆಯವಳು. ಗಂಡ ತೀರಿಕೊಂಡ ಮೇಲೆ ಕೋಳಿ ಸಾಕಿಕೊಂಡು ಇದ್ದವಳು. ಹಿಂದಿನ ಮಳೆಗಾಲದಲ್ಲಿ ಕೋಳಿಗಳಿಗೆ ಕುತ್ತಿಗೆ ತಿರುಚುವ ರೋಗ ಬಂದು ಊರಿನ ಕೋಳಿಗಳೆಲ್ಲ ಸತ್ತುಹೋಗಿದ್ದವು. ಬೆಳಗ್ಗೆ ಕೂಗುವುದಕ್ಕೆ ಒಂದು ಹುಂಜ ಇರಲಿಲ್ಲ, ಕಾವಿಗೆ ಕೂರುವುದಕ್ಕೆ ಒಂದು ಹೇಂಟೆ ಇರಲಿಲ್ಲ. ಹೊನ್ನೂರಮ್ಮ ತವರಿನ ಕಡೆಯಿಂದ ಒಂದು ಕಾವುಪೆಟ್ಟಿಗೆ ತರಿಸಿದಳು, ಹೊಳೆಯಾಚೆಯ ನಾಲ್ಕು ಹಳ್ಳಿ ತಿರುಗಿ ಮೊಟ್ಟೆ ಕೂಡಿಸಿದಳು. ಮರಿ ಬಲಿತ ಮೇಲೆ ಮನೆಗೆ ಮೂರರಂತೆ ಹಂಚುತ್ತೇನೆ, ಊರಲ್ಲಿ ಮತ್ತೆ ಕೋಳಿ ಕೂಗಬೇಕು ಎನ್ನುವುದು ಅವಳ ಹಟ. ಹೊಸ ಯಂತ್ರವಾದ್ದರಿಂದ ಅದಕ್ಕೆ ಗೂಡೇ ಇರಲಿಲ್ಲ. 'ಹೊರಗೆ ಬಾ' ಎಂಬ ಗೂಡಿನಲ್ಲಿ ಪೆಟ್ಟಿಗೆಯ ಸಂಖ್ಯೆ ಬರೆದಿಟ್ಟು ಗೋಡೆಯಲ್ಲಿ ಅವಳ ಹೆಸರಿನ ಎರಡು ಹೊಸ ಗೂಡು ಮೂಡಿಸಿದವನು ನಾನೇ. ಒಂದು, 'ಎಷ್ಟಿರಬೇಕು'. ಇನ್ನೊಂದು, 'ಎಷ್ಟಿದೆ'. ಮೊಟ್ಟೆಗೆ ಮೂವತ್ತೇಳೂವರೆ ಡಿಗ್ರಿ ಕಾವು ಬೇಕು. ಆದರೆ ಆ ಗೂಡಿಗೆ ಡಿಗ್ರಿಯ ಲೆಕ್ಕ ತಿಳಿಯದು; ಅದರದು ಸಾವಿರಪಾಲಿನ ಲೆಕ್ಕ. ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿ, ಅಂಥ ಎಷ್ಟು ಪಾಲು ಬೇಕೆಂದು ಬರೆಯಬೇಕು. ನಾನು ೩೭೫೦೦ ಎಂದು ಬರೆದಿಟ್ಟಿದ್ದೆ. ಹತ್ತೊಂಬತ್ತು ದಿನದಿಂದ ಪೆಟ್ಟಿಗೆ ಬೆಚ್ಚಗಿತ್ತು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಊರು ಕಣ್ಣು ಮಿಟುಕಿಸಿತು. ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಎಲ್ಲ ನಿಲ್ಲುತ್ತದೆ, ಮತ್ತೆ ಶುರುವಾದಾಗ ಪ್ರತಿ ಗೂಡೂ ತಾನು ಹುಟ್ಟಿದಾಗ ಏನಿತ್ತೋ ಅದಕ್ಕೇ ಹೋಗಿ ಕೂತಿರುತ್ತದೆ. ಬರೆದದ್ದು ಒಂದೂ ಉಳಿಯುವುದಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು. 'ಯಾರ ಕೈ' ಗೂಡೊಂದೇ ಇದಕ್ಕೆ ಹೊರತು, ಅದು ಯಾವತ್ತೂ ಮರೆಯುವುದಿಲ್ಲ. ನನ್ನ ಕಾಲದಲ್ಲಾದರೆ ಮೊದಲು ಆಸ್ಪತ್ರೆ, ಆಮೇಲೆ ನೀರಿನ ಪಂಪು, ಆಮೇಲೆ ನನಗೆ ಬೇಕಾದವರು, ಕೊನೆಗೆ ತಿಪ್ಪೇಶಿ. ಧರಣೇಂದ್ರ ಅ ಇಂದ ಶುರು ಮಾಡಿದರು. ಅಂಗನವಾಡಿಯ ಫ್ಯಾನು, ಅಂಚೆ ಕಚೇರಿಯ ಗಡಿಯಾರ, ಆಸ್ಪತ್ರೆ. ನಾನೂರ ಹನ್ನೆರಡು ಗೂಡು. ಹೊನ್ನೂರಮ್ಮನದು ಹ. ಅವಳು ಬಾಗಿಲಲ್ಲಿ ನಿಂತು, "ಸ್ವಾಮಿ, ಒಸಿ ನಂದು ಮೊದಲು ನೋಡ್ರಿ," ಎಂದು ಮೂರು ಸಲ ಕೇಳಿದಳಂತೆ. ಅವರು ಮೂರು ಸಲವೂ, "ಬಂದೆ ತಾಯಿ, ಮ ದಾಟಿದೀನಿ," "ಬಂದೆ, ಶ ಬಂತು," ಎನ್ನುತ್ತ ಬೆವರು ಒರೆಸಿಕೊಂಡು ಬರೆಯುತ್ತಲೇ ಇದ್ದರಂತೆ. ಸುಳ್ಳು ಹೇಳಬಾರದು, ಅವರ ಕೈ ನನ್ನದಕ್ಕಿಂತ ಚುರುಕು. ಎರಡೂವರೆ ಗಂಟೆಯಲ್ಲಿ ಹ ಮುಟ್ಟಿದರು. ಆದರೆ ೩೭.೫ ಎಂದು ಬರೆದಿಟ್ಟರೆ ಗೂಡು 'ಸಲ್ಲದು' ಎಂದು ಚೀಟಿಯನ್ನು ಹೊರಗೆ ತಳ್ಳಿತು. ಅರ್ಧ ಬಿಟ್ಟು ೩೭ ಎಂದು ಬರೆದರು. ಗೂಡು ತೆಪ್ಪಗೆ ಒಳಗೆ ತೆಗೆದುಕೊಂಡಿತು. "ಅರ್ಧ ಡಿಗ್ರಿ ಕಡಿಮೆ ಆದ್ರೆ ಏನೂ ಆಗಲ್ಲ ತಾಯಿ," ಎಂದು ಸಮಾಧಾನ ಹೇಳಿ, ಊರು ಕಣ್ಣು ಮಿಟುಕಿಸಿದ ವರದಿ ಒಪ್ಪಿಸಲು ಹನ್ನೆರಡರ ದೋಣಿ ಹತ್ತಿ ಹೋದರು. ಆ ದೋಣಿ ತಿರುಗಿ ಬರುವುದು ಸಂಜೆ ಐದಕ್ಕೆ. ನಮ್ಮೂರಿಗೆ ಇರುವುದು ಅದೊಂದೇ ದೋಣಿ.

ನಾನಾಗ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದೆ. ಒಂದು ಗಂಟೆಗೆ ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

"ಓಬಣ್ಣ, ಪೆಟ್ಟಿಗೆ ತಣ್ಣಗಾಗ್ತೈತೆ. ಸಾಹೇಬ್ರು ಬರೆದ್ರು, ನಾನೇ ನೋಡೀನಿ. ಆದ್ರೂ ತಣ್ಣಗಾಗ್ತೈತೆ."

"ಏನು ಬರೆದ್ರು?"

"ಮೂವತ್ತೇಳು."

ಮೂವತ್ತೇಳು ಎಂದರೆ ಒಂದು ಡಿಗ್ರಿಯ ಸಾವಿರ ಪಾಲಿನಲ್ಲಿ ಮೂವತ್ತೇಳು ಪಾಲು. ಮಂಜುಗಡ್ಡೆಗಿಂತ ಒಂದು ಕೂದಲೆಳೆ ಬೆಚ್ಚಗೆ. ಪೆಟ್ಟಿಗೆ ತನಗೆ ಇಷ್ಟೇ ಸಾಕಂತೆ ಎಂದು ತಿಳಿದು ಕಾವು ನಿಲ್ಲಿಸಿ ಕೂತಿದೆ. ಚಪ್ಪಲಿ ಸಹ ಮೆಟ್ಟದೆ ಗೂಡುಮನೆಗೆ ಓಡಿದೆ. 'ಎಷ್ಟಿದೆ' ಗೂಡು ತೆರೆದರೆ ೩೧೨೦೦. ಮುಚ್ಚಿ ಮತ್ತೆ ತೆರೆದರೆ ೩೧೧೦೦. ಚೀಟಿ ಹರಿದು ೩೭೫೦೦ ಎಂದು ಬರೆದು 'ಎಷ್ಟಿರಬೇಕು' ಗೂಡಿಗೆ ಇಟ್ಟೆ. ಚೀಟಿ ಹೊರಗೆ ಬಂದು ನನ್ನ ಪಾದದ ಮೇಲೆ ಬಿತ್ತು. ಹಿಂಬದಿಯಲ್ಲಿ 'ಈ ಕೈಗೆ ಅಪ್ಪಣೆ ಇಲ್ಲ'. ಎಡಗೈಯಲ್ಲಿ ಬರೆದು ನೋಡಿದೆ. ಹೊನ್ನೂರಮ್ಮನ ಕೈ ಹಿಡಿದು ಬರೆಸಿದೆ. 'ಈ ಕೈಗೂ ಅಪ್ಪಣೆ ಇಲ್ಲ'. ಮತ್ತೆ ತೆರೆದರೆ ೩೦೯೦೦. ಇಪ್ಪತ್ತಾರು ವರ್ಷದಲ್ಲಿ ಗೂಡುಮನೆಯ ಮುಂದೆ ಕೈ ಕಟ್ಟಿ ನಿಂತದ್ದು ಅದೇ ಮೊದಲು. ಅಂಕಿ ಇಳಿಯುವುದನ್ನು ಓದಬಹುದಿತ್ತು, ಅಷ್ಟೇ.

ಹೊನ್ನೂರಮ್ಮನ ಮನೆಗೆ ಬಂದಾಗ ಪಾಲಮ್ಮನೂ ಅಲ್ಲಿದ್ದಳು. ಪೆಟ್ಟಿಗೆಯ ಕೆಳಗೆ ಕೆಂಡ ಇಡೋಣವೇ ಎಂದರು ಯಾರೋ. "ಹೊಗೆ ಕುಡಿದು ಸಾಯ್ತಾವೆ, ಇಲ್ಲಾ ಬೆಂದು ಹೋಗ್ತಾವೆ," ಎಂದಳು ಹೊನ್ನೂರಮ್ಮ. ಪಾಲಮ್ಮ ನನ್ನ ಕಡೆ ತಿರುಗಿ, "ರೀ, ಮನುಷ್ಯರ ಮೈ ಎಷ್ಟು ಬಿಸಿ ಇರ್ತೈತೆ?" ಎಂದು ಕೇಳಿದಳು.

"ಮೂವತ್ತೇಳು," ಎಂದೆ.

"ಮತ್ತೇನ್ರೀ ನೋಡ್ತಾ ನಿಂತೀರಿ, ಅಂಗಿ ಬಿಚ್ರಿ."

ಹೀಗೆ ಶುರುವಾಯಿತು ಅದು. ನನ್ನ ಹೊಟ್ಟೆಯ ಮೇಲೆ ಆರು ಮೊಟ್ಟೆ ಜೋಡಿಸಿ ಪಾಲಮ್ಮ ತನ್ನ ಹಳೆ ಸೀರೆಯಿಂದ ಸುತ್ತಿ ಬಿಗಿದಳು. ಅವಳು ಕುಪ್ಪಸದೊಳಗೆ ನಾಲ್ಕು ಇಟ್ಟುಕೊಂಡು ಮೇಲೆ ಕಂಬಳಿ ಹೊದ್ದಳು. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಬಡೇಸಾಬ ಗಿರಾಕಿಯನ್ನು ಅರ್ಧ ಕೆನ್ನೆಯಲ್ಲಿ ಬಿಟ್ಟು ಬಂದ. ಆ ಗಿರಾಕಿಯೂ ನೊರೆಯ ಸಮೇತ ಬಂದು ಎರಡು ಮೊಟ್ಟೆ ಕೇಳಿ ಪಡೆದ. ಗರಡಿಯ ಕರಿಯಣ್ಣ ಕಂಕುಳಿಗೆ ಎರಡೆರಡು ಇಟ್ಟುಕೊಂಡು, ತೋಳು ಒತ್ತಿದರೆ ಒಡೆಯುತ್ತದೆ, ಸಡಿಲಿಸಿದರೆ ಬೀಳುತ್ತದೆ ಎಂದು ಉಸಿರು ಬಿಗಿಹಿಡಿದು ಕೂತ. ತಿಪ್ಪೇಶಿ ಬಂದು ನನ್ನ ಮುಖ ನೋಡದೆ ಹೊನ್ನೂರಮ್ಮನಿಗೆ, "ನಂಗೆ ಹನ್ನೆರಡು ಕೊಡಮ್ಮ. ಹೊಟ್ಟೆ ದೊಡ್ಡದೈತೆ, ಒಲೆ ಮುಂದೆ ನಿಂತು ನಿಂತು ಕಾದೂ ಐತೆ," ಎಂದ. ಮೇಷ್ಟ್ರು ಶಾಲೆ ಬಿಟ್ಟು ದೊಡ್ಡ ಮಕ್ಕಳನ್ನು ಸಾಲಾಗಿ ಕರೆತಂದರು. ಎರಡು ಗಂಟೆಯ ಹೊತ್ತಿಗೆ ಪೆಟ್ಟಿಗೆ ಖಾಲಿ. ಸಂತೆಮಾಳದಲ್ಲಿ ಬಿಸಿಲಿದ್ದ ಕಡೆ ಊರಿನ ಅರವತ್ತು ಎಪ್ಪತ್ತು ಜನ ಕಂಬಳಿ, ಚಾದರ, ಕೋಟು, ಗೋಣಿತಾಟು ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಯಾರೂ ಎದ್ದು ಓಡಾಡುವಂತಿಲ್ಲ, ಜೋರಾಗಿ ನಗುವಂತಿಲ್ಲ, ಜಗಳವಂತೂ ಸಾಧ್ಯವೇ ಇಲ್ಲ. ಬಡೇಸಾಬನಿಗೆ ಸೀನು ಬಂದಾಗ ಇಡೀ ಊರು ಅವನನ್ನೇ ನೋಡಿತು. ಪುಣ್ಯಾತ್ಮ, ಹೇಗೋ ನುಂಗಿಕೊಂಡ.

ಹೊನ್ನೂರಮ್ಮ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈಯಾಡಿಸಿ ಮೊಟ್ಟೆಯ ಮಗ್ಗುಲು ತಿರುಗಿಸುತ್ತಿದ್ದಳು. ನನ್ನ ಹತ್ತಿರ ಬಂದು, "ನೀನು ಗೂಡುಮನೆಗೆ ಓಡಿ ನೋಡಿ ಬರದಿದ್ರೆ ಏನಾಗಿತ್ತು ಅಂತ ನಂಗೆ ತಿಳಿತಾನೇ ಇರಲಿಲ್ಲ ಓಬಣ್ಣ. ದೇವರಂಗೆ ಬಂದೆ," ಎಂದಳು. ಸುತ್ತಲಿದ್ದವರು ಹೌದು ಹೌದು ಎಂದರು. ತಿಪ್ಪೇಶಿಯೂ ತಲೆಯಾಡಿಸಿದ. ಅಷ್ಟರಲ್ಲಿ ನನ್ನ ಹೊಕ್ಕುಳ ಪಕ್ಕದ ಮೊಟ್ಟೆಯೊಳಗಿಂದ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ, ಟಕ್. ಒಳಗಿನ ಜೀವ ಕೊಕ್ಕಿನಿಂದ ಚಿಪ್ಪನ್ನು ಕುಟ್ಟಿ ನೋಡುತ್ತಿತ್ತು. ಆ ಸಣ್ಣ ಸದ್ದು ನನ್ನ ಚರ್ಮಕ್ಕೇ ಬಡಿದ ಹಾಗಾಗಿ ಮೈಯೆಲ್ಲ ಜುಮ್ಮೆಂದಿತು. ಒಂದು ಮಾತು, 'ಸಾವಿರಪಾಲು ಸ್ವಾಮಿ', ಇಷ್ಟೇ ಹೇಳಿದ್ದರೆ ಸಾಕಿತ್ತು. ಅವರು ಬಾಗಿಲ ಹತ್ತಿರ ಕೇಳಿಯೂ ಇದ್ದರು.

ಐದಕ್ಕೆ ದೋಣಿ ಬಂತು. ಧರಣೇಂದ್ರ ಸಂತೆಮಾಳಕ್ಕೆ ಬಂದವರೇ ಗೋಡೆಯುದ್ದಕ್ಕೂ ಗುಬ್ಬಚ್ಚಿಗಳಂತೆ ಉಬ್ಬಿ ಕೂತಿದ್ದ ಜನವನ್ನು ಕಂಡು ಕಕ್ಕಾಬಿಕ್ಕಿಯಾದರು. "ಏನಾಯ್ತು? ಊರಿಗೆಲ್ಲ ಜ್ವರವಾ?" ಯಾರೂ ಉತ್ತರಿಸುವ ಮೊದಲೇ ನಾನು ಎದ್ದೆ, ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ತುಂಬು ಬಸುರಿಯಂತೆ ನಡೆಯುತ್ತ ಅವರನ್ನು ಗೂಡುಮನೆಯೊಳಗೆ ಕರೆದೊಯ್ದೆ.

"ಆ ಗೂಡಿಗೆ ಡಿಗ್ರಿ ಅರ್ಥ ಆಗಲ್ಲ ಸ್ವಾಮಿ. ಸಾವಿರಪಾಲಿನಲ್ಲಿ ಬರೀಬೇಕು. ಮೂವತ್ತೇಳು ಸಾವಿರದ ಐನೂರು."

ಅವರು ತಡಮಾಡಲಿಲ್ಲ. ಬರೆದು ಇಟ್ಟು ಮುಚ್ಚಿದರು. ಆಮೇಲೆ 'ಎಷ್ಟಿದೆ' ಗೂಡನ್ನು ತೆರೆಯುತ್ತ ಮುಚ್ಚುತ್ತ ಅಂಕಿ ಏರುವುದನ್ನು ಇಬ್ಬರೂ ನೋಡುತ್ತ ನಿಂತೆವು. ೧೯೬೦೦, ೨೦೪೦೦, ೨೧೩೦೦. ಕೊನೆಗೆ ಧರಣೇಂದ್ರ ಮೆಲ್ಲಗೆ ಕೇಳಿದರು, "ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹ ಬರೋವರೆಗೂ ಆಯಮ್ಮನ್ನ ನಿಲ್ಲಿಸಿಕೊಂಡೆ. ಬರೆದ ಮೇಲೆ ಪಕ್ಕದ ಗೂಡು ತೆಗೆದು ನೋಡಲೂ ಇಲ್ಲ," ಎಂದರು ಅವರು, ತಮಗೆ ತಾವೇ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗೂಡು ೩೭೦೦೦ ದಾಟಿದ ಮೇಲೆ ಇಬ್ಬರೂ ಸೇರಿ ಮೊಟ್ಟೆಗಳನ್ನು ಪೆಟ್ಟಿಗೆಗೆ ಸಾಗಿಸಿದೆವು. ಕರಿಯಣ್ಣನ ಕಂಕುಳಿನಿಂದ ನಾಲ್ಕನ್ನು ತೆಗೆದವರು ಅವರೇ. ಕರಿಯಣ್ಣನ ತೋಳು ಅಲುಗಾಡದೆ ಮರಗಟ್ಟಿಹೋಗಿತ್ತು.

ಮರುದಿನ ಬೆಳಗ್ಗೆ ಧರಣೇಂದ್ರ ಒಂದು ದೊಡ್ಡ ನೋಟುಬುಕ್ಕು ಹಿಡಿದು ನಮ್ಮ ಜಗಲಿಗೇ ಬಂದರು. "ಹೇಳಿ," ಎಂದರು. ನಾನು ಹೇಳಿದೆ. ಗಡಿಯಾರದ ಸೊನ್ನೆ, ಗಂಟೆಯ ಚುಕ್ಕಿ, ಎರಡು ಸಲ ಬರೆದರೆ ಮಾತ್ರ ಕೇಳುವ ಪಂಪು, ಬರೆಯುವ ಮೊದಲು ಮುಚ್ಚಳ ತಟ್ಟಬೇಕಾದ ಆಸ್ಪತ್ರೆಯ ಗೂಡು. ಎರಡು ದಿನ ಹಿಡಿಯಿತು. ಎಲ್ಲ ಮುಗಿದ ಮೇಲೆ ನನ್ನ ಕೈಗೆ ಅಪ್ಪಣೆ ತಿರುಗಿ ಬರುತ್ತದೆ ಎಂದು ಒಳಗೊಳಗೆ ಆಸೆಯಿತ್ತು. ಅವರು ಮಾಡಿದ್ದು ಬೇರೆ. 'ಯಾರ ಕೈ' ಗೂಡಿನಲ್ಲಿ ಊರಿನ ಪ್ರತಿಯೊಬ್ಬರ ಹೆಸರೂ ಬರೆದರು. ಅವರವರ ಯಂತ್ರದ ಗೂಡಿಗೆ ಅವರವರದೇ ಕೈ. ಬೀದಿದೀಪ, ಪಂಪು, ಆಸ್ಪತ್ರೆಗೆ ಮಾತ್ರ ಕಚೇರಿಯ ಕೈ. ನನ್ನ ಪಾಲಿಗೆ ಬಂದದ್ದು ನಮ್ಮ ಮನೆಯ ಒಂದು ಫ್ಯಾನು. ಪಾಲಮ್ಮನಿಗೂ ಅದೇ ಗೂಡಿಗೆ ಅಪ್ಪಣೆ ಇದ್ದದ್ದರಿಂದ ಅದೂ ಪೂರ್ತಿ ನನ್ನದಲ್ಲ. ಜನಕ್ಕೆ ಬರೆಯುವುದನ್ನು ಕಲಿಸುವ ಕೆಲಸವನ್ನು ಅವರು ನನಗೆ ವಹಿಸಿದರು. ಮೊದಲ ವಾರ ತಿಪ್ಪೇಶಿ ತನ್ನ ಫ್ಯಾನಿಗೆ ೫೦ ಎಂದು ಬರೆಯಲು ಹೋಗಿ, ಗೂಡು ಒಪ್ಪದಿದ್ದಾಗ ಅದರ ಜೊತೆ ಗಟ್ಟಿಯಾಗಿ ಜಗಳವಾಡಿದ.

ಇಪ್ಪತ್ತೊಂದನೆಯ ದಿನ ಮರಿಗಳು ಹೊರಬಂದವು. ನೂರ ತೊಂಬತ್ತೆಂಟು. ಅವುಗಳ ಕಿಚಿಕಿಚಿ ಓಣಿಯ ಆ ತುದಿಗೂ ಕೇಳಿಸುತ್ತಿತ್ತು. ಯಾವ ಮರಿ ಯಾರ ಮೈಮೇಲೆ ಕಾವು ಪಡೆದದ್ದು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಆದರೂ ಬಡೇಸಾಬ ಒಂದು ಕರಿ ಮರಿಯನ್ನು ತೋರಿಸಿ ಇದು ನನ್ನದೇ, ನೋಡಿ ಮೂಗು ಎಂದು ಸಾಧಿಸಿದ. ಎಲ್ಲರೂ ಹೋದ ಮೇಲೆ ಹೊನ್ನೂರಮ್ಮ ಒಡೆಯದೆ ಉಳಿದ ಮೊಟ್ಟೆಗಳನ್ನು ಬುಟ್ಟಿಗೆ ತೆಗೆದಿಡುತ್ತಿದ್ದಳು. ನಲವತ್ತೆರಡು. ನಾನು ಅಲ್ಲೇ ನಿಂತಿದ್ದೆ.

"ಸಾವಿರಪಾಲಿನ ವಿಷಯ ನಂಗೆ ಗೊತ್ತಿತ್ತು ಹೊನ್ನೂರಮ್ಮ. ಸಾಹೇಬ್ರು ಬಂದ ದಿನ ಕೇಳಿದ್ರು. ನಾನು ಬೇಕಂತಲೇ ಹೇಳ್ಲಿಲ್ಲ."

ಅವಳ ಕೈ ನಿಂತಿತು. "ಯಾಕೆ?"

"ನನ್ನ ಬಿಟ್ಟು ನಡೆಯಲ್ಲ ಅಂತ ಅವ್ರಿಗೆ ಗೊತ್ತಾಗ್ಲಿ ಅಂತ."

ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಯಲ್ಲಿಟ್ಟಳು. "ಇವೆಲ್ಲಾ ನಿನ್ನಿಂದ ಅನ್ನಾಕೆ ಆಗಲ್ಲ. ಯಾವಾಗ್ಲೂ ಒಂದಿಷ್ಟು ಒಡೆಯಲ್ಲ. ಇದರಾಗೆ ನಿನ್ನಿಂದ ಎಷ್ಟು ಅಂತಾನೂ ಹೇಳಾಕೆ ಆಗಲ್ಲ. ಯಾವುದಕ್ಕೆ ಅಂತ ಬೈಲಿ ನಿನ್ನ?" ಎಂದಳು. ಆಮೇಲೆ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಹಿತ್ತಲಾಗೆ ಗುಂಡಿ ತೆಗೆದು ಮುಚ್ಚು. ಒಂದೊಂದೇ ಇಡು, ಸುರೀಬ್ಯಾಡ."

ಹಿತ್ತಲಿನ ನೆಲ ಕಲ್ಲಿನಂತಿತ್ತು. ಗುಂಡಿ ತೋಡಿ, ಒಂದೊಂದಾಗಿ ನಲವತ್ತೆರಡನ್ನೂ ಇಟ್ಟು ಮಣ್ಣೆಳೆಯುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತ್ತು. ಹೊನ್ನೂರಮ್ಮ ಹೊರಗೆ ಬರಲಿಲ್ಲ. ನಾನು ಸನಿಕೆ ತೊಳೆದಿಟ್ಟು ಮನೆಗೆ ಬಂದೆ. ನಡೆದದ್ದನ್ನೆಲ್ಲ ಪಾಲಮ್ಮನಿಗೆ ಹೇಳಿದೆ. ಅವಳು ಆ ದಿನ ನನಗೆ ಊಟಕ್ಕೆ ಬಡಿಸಿದಳು, ಇನ್ನಷ್ಟು ಬೇಕೇ ಎಂದು ಕೇಳಲಿಲ್ಲ.

ಮರುದಿನ ಬೆಳಗ್ಗೆ ಯಾರೂ ಕರೆಯದಿದ್ದರೂ ಹೊನ್ನೂರಮ್ಮನ ಮನೆಗೆ ಹೋದೆ. ಕಾಳಿನ ಚೀಲ ಹೊತ್ತು ಹಾಕಿದೆ, ತಟ್ಟೆಗಳನ್ನು ತೊಳೆದೆ. ಅವಳು ನಾನು ಅಲ್ಲಿಲ್ಲವೇನೋ ಎಂಬಂತೆ ಮರಿಗಳ ನಡುವೆ ಓಡಾಡಿದಳು. ಅದರ ಮರುದಿನವೂ ಹೋದೆ, ಅದರ ಮರುದಿನವೂ. ಒಂಬತ್ತು ದಿನ ಹೀಗೇ ನಡೆಯಿತು. ಹತ್ತನೆಯ ದಿನ ಮಾಗಿಯ ಗಾಳಿ ಬಲವಾಗಿ ಬೀಸುತ್ತಿತ್ತು. ಒಳಗೆ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ಅರೆಗಳಿಗೆ ನಿಂತೆ. ಹೊನ್ನೂರಮ್ಮ ಮಡಿಲ ತುಂಬ ಮರಿಗಳನ್ನು ತುಂಬಿಕೊಂಡು ನೆಲದ ಮೇಲೆ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಅಲ್ಲೇ ಯಾಕೆ ನಿಂತೆ ಓಬಣ್ಣ, ಒಳಗೆ ಬಂದು ಕದ ಹಾಕು. ಮರಿಗಳಿಗೆ ಚಳಿ ಆಗ್ತೈತೆ."